ತೋಟಾಕ್ಕೆ ಸವರಿದ ಜಿಡ್ಡು

ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕುವವನು ಎತ್ತುಗಳ ಅನುಮತಿಯನ್ನು ಕೇಳಬೇಕಾದುದಿಲ್ಲ. ಆದರೆ ಮನುಷ್ಯನು ಬಾಯಿಗಿಡುವ ಪದಾರ್ಥಕ್ಕೆ ಜಿಡ್ಡನ್ನು ಸವರುವವನು ಆ ಮನುಷ್ಯನನ್ನು ಕೇಳಿಯೇ ಸವರತಕ್ಕದ್ದು. ಇಷ್ಟು ಸಣ್ಣ ಮಾತನ್ನು ಅಲಕ್ಷ್ಯಮಾಡಿದುದರ ಫಲವು 1857ನೆಯ ಇಸವಿಯಲ್ಲಿ ಹಿಂದೂದೇಶದಲ್ಲಿ ಕಾಣಬಂದಿತು.

ಸೀಸದ ಗುಂಡಿಗೆ ಜಿಡ್ಡು ಏತಕ್ಕೆ? ಹಳೆಯ ಕೋವಿಯ ನಳಿಗೆಯ ಒಳಮೈ ನುಣುಪಾಗಿದ್ದು, ಗುಂಡು ಅದರೊಳಗೆ ಸಡಿಲವಾಗಿ ಇಳಿಯುತ್ತಿದ್ದಿತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯಲ್ಲಾದರೋ ಸುರುಳಿಯಾದ ಮೂರು ತೋಡುಗಳಿದ್ದವು. ಸುಟ್ಟ ಮದ್ದಿನ ಮಸಿಯು ಅಲ್ಲಿ ಗಟ್ಟಿಯಾಗಿ ಕೂತರೆ ಮುಂದಿನ ಗುಂಡು ಇಳಿಯದು. ಮೆದುವಾದ ಸೀಸವು ತೋಡುಗಳಿಗೆ ಮೆತ್ತಿಕೊಂಡರೆ ಗುರಿಯು ಕೆಡುವುದು. ಜಿಡ್ಡು ಈ ಎರಡು ದೋಷಗಳನ್ನೂ ತಡೆಯುವುದು.

ಪಶುವಿನ ಕೊಬ್ಬು ಅಗ್ಗವಾದುದು, ಚೆನ್ನಾಗಿ ಜಾರುವಂತಹದು. ಆದರೆ ನಮ್ಮ ಬೇಸಗೆಯಲ್ಲಿ ಅದು ಕರಗಿ ಕಾಗದಕ್ಕೆ ಇಳಿಯುವುದು. ಹಳತಾಗಿ ಹುಳಿತರೆ ಸೀಸವನ್ನೂ ತಿನ್ನುವುದು. ಜೇನುಮೇಣವು ಸುಮಾರು 62 ಡಿಗ್ರಿ ಸೆಂಟಿಗ್ರೇಡಿನವರೆಗೂ ಕರಗದು. ಒಂದೇ ಆದರೆ ಅದು ಬಿರುಸು, ಎಣ್ಣೆಯನ್ನೋ ತುಪ್ಪವನ್ನೋ ಬೆರಸಿದರೆ ಹದವಾಗುವುದು. ಹೀಗೆ ಕಸುಬಿನ ದೃಷ್ಟಿಯಿಂದಲೂ ಮೇಣವನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದ್ದಿತು.

ಎನ್‌ಫೀಲ್ಡ್ ತೋಟಾದ ಕಾಗದದ ಒಂದು ತುದಿಯನ್ನು ಸಿಪಾಯಿಯು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ಸುರಿಯಬೇಕಾಗಿದ್ದಿತು. ಗುಂಡಿರುವ ಇನ್ನೊಂದು ತುದಿಗೆ ಕೊಬ್ಬು ಬೆರೆತ ಜಿಡ್ಡನ್ನು ಸವರಿರುತ್ತಿದ್ದರು. 1853ರಲ್ಲಿ ಇಂತಹ ತೋಟಾಗಳು ಇಲ್ಲಿಯ ಹವೆಯ ಪರೀಕ್ಷೆಗಾಗಿ ಬಂದಾಗಲೇ, ಬಂಗಾಳದ ಸೈನ್ಯದ ಅಧಿಕಾರಿಯಾದ ಕರ್ನಲ್ ಟಕ್ಕರ್ ಎಂಬವರು, ಈ ಜಿಡ್ಡು ಜಾತಿಧರ್ಮಗಳಿಗೆ ವಿರೋಧವಲ್ಲವೆಂದು ನಿಶ್ಚಯವಾಗುವವರೆಗೆ ಅದನ್ನು ದೇಶೀಯ ಸಿಪಾಯಿಗಳಿಗೆ ಕೊಡಬಾರದೆಂದು ಬರೆದಿದ್ದರು. ಆ ಕಾಗದವು ಫಲಕಾರಿಯಾಗಲಿಲ್ಲ. ಬಿಸಿಲಿಗೆ ಜಿಡ್ಡು ತಡೆಯುವುದೇ ಎಂದು ಪರೀಕ್ಷಿಸಿದವರು ಮನಸ್ಸು ತಡೆಯುವುದೇ ಎಂದು ವಿಚಾರಿಸಲಿಲ್ಲ.

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಮ್ಮಿನಲ್ಲಿ, ಗೋವಿನ ಮತ್ತು ಹಂದಿಯ ಕೊಬ್ಬಿನ ಮಾತು ಹರಡಿತು. ಒಂದು ಹಿಂದೂಗಳಿಗೆ ಸಲ್ಲದು, ಇನ್ನೊಂದು ಮುಸಲ್ಮಾನರಿಗೆ ಸಲ್ಲದು. ಬಾರಕ್‌ಪುರದ ಮೇಜರ್ ಜನರಲ್ ಹಿಯರ್ಸೇ ಎಂಬವರು, ಸಿಪಾಯಿಗಳೇ ಪೇಟೆಯಿಂದ ಸಾಮಗ್ರಿಯನ್ನು ತಂದು ಸವರಿಕೊಳ್ಳಲೆಂದು ಸಲಹೆಯಿತ್ತರು. ಸರಕಾರವೂ ಆ ತಿಂಗಳೇ ಹಾಗೆ ಆಜ್ಞೆಯನ್ನು ಮಾಡಿತು. ಆದರೆ ಅಷ್ಟರಲ್ಲಿ ಸಂಶಯವು ಜಿಡ್ಡನ್ನು ಬಿಟ್ಟು ಕಾಗದಕ್ಕೆ ಹತ್ತಿದ್ದಿತು. ಕಾಗದದ ಹೊಳಪೇ ಕೊಬ್ಬಿನ ಗುರುತೆಂದು ಸಿಪಾಯಿಗಳು ಭಾವಿಸಿದರು. ಕಚ್ಚುವ ಬದಲು ಬೆರಳಿನಿಂದ ಹರಿಯಬಹುದೆಂದು ಕವಾಯಿತನ್ನು ಬದಲಿಸಿದರೂ ಸಮಾಧಾನವಾಗಲಿಲ್ಲ. ಏಪ್ರಿಲ್ 24ರಂದು ಮೀರತ್ತಿನಲ್ಲಿ ತೊಂಬತ್ತು ಮಂದಿ ಸವಾರರಲ್ಲಿ ಎಂಬತ್ತೈದು ಮಂದಿ ತೋಟಾಗಳನ್ನು ಮುಟ್ಟಲಿಲ್ಲ. ಮೇ 9ರಂದು ಅವರ ಕಾಲಿಗೆ ಬೇಡಿಗಳು ಬಿದ್ದವು. ಮರುದಿನ ದಂಡೇ ಎದ್ದಿತು.

ಆ ಮಹಾಕ್ಷೋಭಕ್ಕೆ ಕಾರಣಗಳು ಅನೇಕ. ಜಿಡ್ಡೊಂದೇ ಕಾರಣವೆನ್ನುವುದು ಸರಿಯಲ್ಲ. ಆದರೂ 1853ರಲ್ಲಿ ಒಂದು ಪ್ರಶ್ನೆಯನ್ನು ಕೇಳಿದ್ದರೆ ಮೇಣವೂ ತುಪ್ಪವೂ ಸಾಕಾಗುತ್ತಿದ್ದವು. 1857ರಲ್ಲಿ ಅದೇ ಮೇಣವನ್ನು ಅದೇ ಸಿಪಾಯಿಯ ಕೈಗೇ ಕೊಟ್ಟರೂ ಸಾಲಲಿಲ್ಲ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಪರರಿಗಾಗಿ ನಿರ್ಣಯ ಮಾಡುವವರು ಈ ನಾಲ್ಕು ವರ್ಷಗಳ ಅಂತರವನ್ನು ಮನಸ್ಸಿನಲ್ಲಿಡತಕ್ಕದ್ದು.