ಗೋಡೆಯ ಮೇಲಿನ ಪಟಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯ ಹಳೆಯ ಮನೆಗಳಲ್ಲಿ ನಡುಮನೆಯ ಗೋಡೆಯೆಂದರೆ ಆ ಮನೆತನದ ಚರಿತ್ರೆಯ ಪುಸ್ತಕವಿದ್ದಂತೆ. ಬಾಗಿಲ ಮೇಲ್ಗಡೆ, ಹೊಗೆಯಿಂದ ಮಾಸಿದ ಕಟ್ಟಿನೊಳಗೆ, ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟ. ಅದರ ಪಕ್ಕದಲ್ಲಿ ಮದುವೆಯ ಕಾಲಕ್ಕೆ ತೆಗೆಸಿದ, ಗಂಡು ಹೆಣ್ಣು ಇಬ್ಬರೂ ಬೆದರಿದಂತೆ ನಿಂತಿರುವ ಚಿತ್ರ. ಕೆಲವು ಮನೆಗಳಲ್ಲಿ ಇವೆರಡಕ್ಕಿಂತಲೂ ದೊಡ್ಡದಾದ ಮತ್ತೊಂದು ಪಟವಿರುತ್ತದೆ. ತಲೆಯ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕೈಯಲ್ಲಿ ಗದೆ, ಹುರಿಮಾಡಿದ ಮೀಸೆ. ಬೆನ್ನ ಹಿಂದೆ ಬಣ್ಣದ ಕಂಬಗಳ ಅರಮನೆ. ಯಾರೆಂದು ಕೇಳಿದರೆ, ‘ನಮ್ಮ ತಾತ, ದುರ್ಯೋಧನನ ಪಾರ್ಟು ಮಾಡಿದಾಗ ತೆಗೆಸಿದ್ದು’ ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ.

ಈ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಅಪರೂಪ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟರು ಬಂದು ತಿಂಗಳುಗಟ್ಟಲೆ ಮಟ್ಟುಗಳನ್ನು ಕಲಿಸುತ್ತಾರೆ. ಪಾತ್ರ ಬೇಕಾದವನು ತಾನೇ ಹಣ ಕೊಟ್ಟು ಪಾತ್ರ ಪಡೆಯುತ್ತಾನೆ. ಪರದೆಗಳೂ ಉಡುಪುಗಳೂ ಬಾಡಿಗೆಗೆ ಬರುತ್ತವೆ. ವರ್ಷವೆಲ್ಲ ರಾಗಿಯ ಹೊಲದಲ್ಲಿ ದುಡಿದವನು ಅಂದು ಒಂದು ರಾತ್ರಿ ಕೌರವೇಶ್ವರ. ಬಣ್ಣ ಅಳಿಸುವ ಮುನ್ನ ಅವನೊಂದು ಪಟ ತೆಗೆಸಿಕೊಂಡರೆ ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ತಾತ ಹಸ್ತಿನಾವತಿಯ ಅರಸನಾಗಿರಲಿಲ್ಲವೆಂಬುದು ಮೊಮ್ಮಗನಿಗೂ ಗೊತ್ತು. ಇದು ವೇಷವೆಂದು ತಿಳಿದೇ ಎಲ್ಲರೂ ಅದನ್ನು ನೋಡಿ ಸಂತೋಷಪಡುತ್ತಾರೆ.

ವಿಚಿತ್ರವೆಂದರೆ, ಪಕ್ಕದ ಮದುವೆಯ ಚಿತ್ರದ ವಿಷಯದಲ್ಲಿ ಯಾರಿಗೂ ಇಂಥ ಎಚ್ಚರವಿರುವುದಿಲ್ಲ. ಅದರಲ್ಲಿ ವರನು ತೊಟ್ಟ ಕೋಟು ಎರವಲಿನದಾಗಿರಬಹುದು. ಮೊಣಕೈ ಊರಿದ ಮೇಜು ಸ್ಟುಡಿಯೋದವನದು. ಹಿಂದಿನ ಉದ್ಯಾನವನ ಬಟ್ಟೆಯ ಮೇಲೆ ಬರೆದದ್ದು. ತಲೆ ಎತ್ತು, ಕೈ ಇಲ್ಲಿಡು, ಉಸಿರು ಹಿಡಿ ಎಂದು ಹೇಳಿದವನು ಛಾಯಾಗ್ರಾಹಕ. ಆದರೂ ಅದು ‘ಇದ್ದದ್ದು ಇದ್ದ ಹಾಗೆ’ ಎನಿಸಿಕೊಳ್ಳುತ್ತದೆ. ಕುಂಚದಿಂದ ಬರೆದ ಚಿತ್ರದಲ್ಲಿ ಮನುಷ್ಯನ ಕೈವಾಡವಿದೆ, ಯಂತ್ರಕ್ಕೆ ಅಂಥ ಪಕ್ಷಪಾತವಿಲ್ಲ ಎಂಬ ನಂಬಿಕೆ ಜನಮನದಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈ ನಂಬಿಕೆಯನ್ನು ಕೆಣಕುವುದನ್ನೇ ತಮ್ಮ ಕಲೆಯ ವಸ್ತುವನ್ನಾಗಿ ಮಾಡಿಕೊಂಡವರು ಎನ್. ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಬರೋಡದ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದರು. ಆರಂಭದಲ್ಲಿ ಇವರು ಮಾಡಿದುದು ಸುಟ್ಟ ಮಣ್ಣಿನ ಬೊಂಬೆಗಳನ್ನು. 1990ರ ದಶಕದ ನಡುವಿನಲ್ಲಿ ಮಣ್ಣನ್ನು ಬಿಟ್ಟು ಕ್ಯಾಮೆರಾದ ಕಡೆಗೆ ತಿರುಗಿದರು. ಆದರೆ ಅವರು ನಿಂತದ್ದು ಕ್ಯಾಮೆರಾದ ಹಿಂದೆ ಅಲ್ಲ, ಮುಂದೆ. ಬಹುಮಟ್ಟಿಗೆ ಅವರ ಪಟಗಳನ್ನು ಬೇರೊಬ್ಬರು ತೆಗೆಯುತ್ತಾರೆ. ಪಟದೊಳಗೆ ವೇಷ ಹಾಕಿ ನಿಲ್ಲುವವರು ಪುಷ್ಪಮಾಲಾ. ಯಾವ ಪಟ, ಏಕೆ, ಹೇಗೆ ಎಂಬ ಆಲೋಚನೆಯೂ ಅವರದೇ. ಹೀಗೆ ಕಲಾವಿದನ ದೇಹವೇ ಸಾಧನವಾದಾಗ ಅದನ್ನು ಪ್ರದರ್ಶನ ಕಲೆಯೆಂದೂ, ಚಂದಕ್ಕಿಂತ ಒಂದು ವಿಚಾರವನ್ನು ಮುಂದಿಡುವುದಕ್ಕಾಗಿ ಪಟ ತೆಗೆದಾಗ ಅದನ್ನು ಪರಿಕಲ್ಪನಾತ್ಮಕ ಛಾಯಾಚಿತ್ರವೆಂದೂ ಬಲ್ಲವರು ಕರೆಯುತ್ತಾರೆ. ಹೆಸರು ಭಾರವಾಗಿದೆ, ಸಂಗತಿ ಅಷ್ಟು ಭಾರವಾದುದಲ್ಲ. ದುರ್ಯೋಧನನ ಪಾರ್ಟು ಮಾಡಿದ ತಾತನಿಗೆ ಅದರ ಅರ್ಧ ಗೊತ್ತಿತ್ತು.

1996ರಿಂದ 1998ರವರೆಗೆ ಅವರು ಮಾಡಿದ ‘ಫ್ಯಾಂಟಮ್ ಲೇಡಿ’ ಎಂಬ ಚಿತ್ರಮಾಲೆ ಮುಂಬಯಿಯಲ್ಲಿ ತೆಗೆದದ್ದು. 1935ರ ‘ಹಂಟರ್‌ವಾಲಿ’ ಚಲನಚಿತ್ರದಲ್ಲಿ ಚಾವಟಿ ಹಿಡಿದು ದುಷ್ಟರನ್ನು ಸದೆಬಡಿದ ನಟಿ ನಾಡಿಯಾಳ ನೆನಪಿನಲ್ಲಿ, ಮುಖವಾಡ ತೊಟ್ಟ ಸಾಹಸಿಯಾಗಿ ಅವರು ಅದರಲ್ಲಿ ಕಾಣಿಸಿಕೊಂಡರು. ಅಮೆರಿಕದ ಸಿಂಡಿ ಶೆರ್ಮನ್ ಎಂಬ ಕಲಾವಿದೆ 1977ರಿಂದ 1980ರವರೆಗೆ, ಎಂದೂ ತಯಾರಾಗದ ಚಲನಚಿತ್ರಗಳ ನಾಯಕಿಯಂತೆ ವೇಷ ಹಾಕಿ ಇಂಥದೇ ಒಂದು ಮಾಲೆಯನ್ನು ಮಾಡಿದ್ದರು. ಆದರೆ ಈ ನಾಡಿನ ಓದುಗರಿಗೆ ಹೆಚ್ಚು ಸಮೀಪವಾದದ್ದು ಪುಷ್ಪಮಾಲಾ ಅವರು 2000ದಿಂದ 2004ರವರೆಗೆ ಬೆಂಗಳೂರಿನಲ್ಲಿ ನೆಲೆಸಿದ್ದ ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ರಚಿಸಿದ ಮಾಲೆ. ಅದಕ್ಕೆ ಅವರು ಇಟ್ಟ ಇಂಗ್ಲಿಷ್ ಹೆಸರನ್ನು ‘ದಕ್ಷಿಣ ಭಾರತದ ನೇಟಿವ್ ಹೆಂಗಸರು: ನಡೆನುಡಿ ಮತ್ತು ಆಚಾರಗಳು’ ಎಂದು ಹೇಳಬಹುದು. ಹಿಂದಿನ ಕಾಲದ ದೊರೆಗಳು ಬರೆಯುತ್ತಿದ್ದ ಪುಸ್ತಕದ ಹೆಸರಿನ ಅಣಕ ಇದು. ‘ನೇಟಿವ್’ ಎಂಬ ಮಾತಿನಲ್ಲಿ ಆ ಕಾಲಕ್ಕೆ ಎಷ್ಟು ತಾತ್ಸಾರವಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ದಕ್ಷಿಣದ ಹೆಣ್ಣನ್ನು ಬೇರೆ ಬೇರೆಯವರು ಚಿತ್ರಿಸಿದ ಬಗೆಗಳನ್ನು ಆರಿಸಿಕೊಂಡು, ಒಂದೊಂದನ್ನೂ ಪರದೆ, ಉಡುಪು, ಆಭರಣ, ಬೆಳಕುಗಳೊಡನೆ ಮತ್ತೆ ಕಟ್ಟುವುದು ಇವರ ಉದ್ದೇಶ. ಅವುಗಳಲ್ಲಿ ಒಂದು ನಡುಮನೆಯ ಬಾಗಿಲ ಮೇಲಿರುವ ಅದೇ ಲಕ್ಷ್ಮಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ, ಅರಮನೆಗಳಲ್ಲಿದ್ದ ದೇವರ ಚಿತ್ರಗಳು ಅಚ್ಚಾಗಿ ಬಡವರ ಮನೆಗೂ ಬಂದವು. ಲಕ್ಷ್ಮಿಯೆಂದರೆ ಹೀಗೆಯೇ ಇರುತ್ತಾಳೆ ಎಂದು ಜನರು ನಂಬುವಷ್ಟರ ಮಟ್ಟಿಗೆ ಅವು ಮನಸ್ಸಿನಲ್ಲಿ ನಿಂತವು. ಪುಷ್ಪಮಾಲಾ ಅದೇ ಭಂಗಿಯಲ್ಲಿ ನಿಂತಿದ್ದಾರೆ. ನೋಡುವವರಿಗೆ ಮೊದಲು ಕೈ ಮುಗಿಯುವಂತಾಗುತ್ತದೆ. ಮರುಕ್ಷಣ, ಇದು ಬದುಕಿರುವ ಒಬ್ಬ ಹೆಂಗಸಿನ ಮುಖ, ಹಿಂದಿನ ಕೊಳ ಬರಿಯ ಪರದೆ ಎಂಬುದು ಹೊಳೆಯುತ್ತದೆ. ಇಲ್ಲಿ ದೇವಿಗೆ ಅವಮಾನವೇನೂ ನಡೆದಿಲ್ಲ. ರವಿವರ್ಮನೂ ಹೆಂಗಸರನ್ನು ಎದುರಿಗೆ ನಿಲ್ಲಿಸಿಕೊಂಡೇ ದೇವಿಯರನ್ನು ಬರೆದವನು.

ಇನ್ನೊಂದು ಪಟದ ಮುಂದೆ ಮಾತ್ರ ನಗು ಬರುವುದಿಲ್ಲ. ಅದರಲ್ಲಿ ಅವರು ನೀಲಗಿರಿಯ ತೊದವ ಹೆಂಗಸಾಗಿ, ಕಪ್ಪು ಬಿಳುಪು ಚೌಕಗಳ ಪರದೆಯ ಮುಂದೆ ನಿಂತಿದ್ದಾರೆ. ಆ ಚೌಕಗಳು ಅಲಂಕಾರಕ್ಕಾಗಿ ಇರುವಂಥವಲ್ಲ. 1869ರಲ್ಲಿ ಲ್ಯಾಂಪ್ರೆ ಎಂಬಾತ ಮನುಷ್ಯರನ್ನು ಅಳೆಯಲು ಒಂದು ಉಪಾಯವನ್ನು ಲಂಡನ್ನಿನಲ್ಲಿ ಪ್ರಕಟಿಸಿದ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಮರದ ಚೌಕಟ್ಟಿಗೆ ಎರಡೆರಡು ಅಂಗುಲಕ್ಕೊಂದರಂತೆ ರೇಷ್ಮೆಯ ದಾರವನ್ನು ಅಡ್ಡಕ್ಕೂ ಉದ್ದಕ್ಕೂ ಬಿಗಿದು, ಅದರ ಮುಂದೆ ಜನರನ್ನು ಬೆತ್ತಲೆಯಾಗಿ ನಿಲ್ಲಿಸಿ ಪಟ ತೆಗೆಯುವುದು. ಆಗ ಯಾವ ಕುಲದವನ ಕಾಲು ಎಷ್ಟುದ್ದ, ತಲೆ ಎಷ್ಟಗಲ ಎಂದು ಕೋಣೆಯಲ್ಲಿ ಕುಳಿತೇ ಎಣಿಸಬಹುದು. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಸೀರೆಯಾಗುವ ರೇಷ್ಮೆಯ ನೂಲು ಅಲ್ಲಿ ಮನುಷ್ಯರನ್ನು ಹಿಡಿಯುವ ಬಲೆಯಾಯಿತು! ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ 1890ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ತೆಗೆದ ಪಟಗಳು ಇಂದಿಗೂ ಉಳಿದಿವೆ. ಅದಕ್ಕೂ ಮೊದಲೇ, 1868ರಿಂದ 1875ರವರೆಗೆ, ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳಲ್ಲಿ ಸರ್ಕಾರವೇ ದೇಶದ ಜನರ ಪಟಗಳನ್ನು ಜಾತಿ, ಬುಡಕಟ್ಟುಗಳ ಮೇರೆಗೆ ಅಚ್ಚು ಹಾಕಿಸಿತ್ತು. ಇಂಥ ಜಾತಿಯವರು ಸೌಮ್ಯರು, ಇಂಥವರು ಕಪಟಿಗಳು ಎಂಬ ಬಗೆಯ ಮಾತುಗಳೂ ಅವುಗಳೊಡನೆ ಅಚ್ಚಾದವು.

ಪಟದಿಂದ ಕೇಡೇನು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. 1871ರಲ್ಲಿ ಸರ್ಕಾರವು ಒಂದು ಕಾಯಿದೆಯನ್ನು ಮಾಡಿ ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಕದಿಯದವನೂ ಪೊಲೀಸರ ಪಟ್ಟಿಯಲ್ಲಿ ಹೆಸರು ಬರೆಸಬೇಕಾಯಿತು. ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಸ್ವತಂತ್ರ ಭಾರತದಲ್ಲಿ 1952ರಲ್ಲಿ ಆ ಕಾಯಿದೆ ದೇಶಾದ್ಯಂತ ರದ್ದಾಯಿತು. ಮನುಷ್ಯರನ್ನು ವಿಂಗಡಿಸಿ ಹೆಸರಿಡುವ ಕಣ್ಣೂ ಈ ಕಾಯಿದೆಯನ್ನು ಬರೆದ ಕೈಯೂ ಒಂದೇ ಮೈಯವು. ಪುಷ್ಪಮಾಲಾ ಅವರ ಮಾಲೆಯಲ್ಲಿ ‘ಅಪರಾಧಿಗಳು’ ಎಂಬ ಪಟವೂ ಇದೆ. ಕಳ್ಳತನದ ಆರೋಪದ ಮೇಲೆ ಪೊಲೀಸರು ಹಿಡಿದ ಇಬ್ಬರು ಹೆಂಗಸರು ಫಲಕ ಹಿಡಿದು ನಿಂತ ಒಂದು ಪತ್ರಿಕಾಚಿತ್ರ ಅದರ ಮೂಲ. ಆ ಹೆಂಗಸಿನ ಜಾಗದಲ್ಲಿ ಓದಿದ, ಹೆಸರಾಂತ ಕಲಾವಿದೆ ಬಂದು ನಿಂತಾಗ ನೋಡುವವನು ತಬ್ಬಿಬ್ಬಾಗುತ್ತಾನೆ. ಮುಖ ಅಪರಾಧಿಯದಲ್ಲ, ಆದರೂ ಫಲಕ ಕೈಗೆ ಬಂದೊಡನೆ ಯಾವ ಮುಖವಾದರೂ ಹಾಗೆಯೇ ಕಾಣತೊಡಗುತ್ತದೆ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಪಟ್ಟಣದ ಕಲಾವಿದೆ ಸಂಜೆ ವೇಷ ಕಳಚಿ ಮನೆಗೆ ಹೋಗಬಹುದು. ಅಂದು ಚೌಕಳಿಯ ಮುಂದೆ ನಿಂತವಳು ತನ್ನ ಮೈಯನ್ನು ಕಳಚಿಡಲಾರಳು. ಅವಳ ಹೆಸರನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಅದು ತಿಳಿದುಬರುವುದಿಲ್ಲ ಎನ್ನಬಹುದು. ಈ ಮಾತಿನಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಹಳೆಯ ಪಟದಲ್ಲಿ ಅಳೆಯುವವನು ಮರೆಯಲ್ಲಿದ್ದ. ಪುಷ್ಪಮಾಲಾ ಮತ್ತು ಕ್ಲೇರ್ ಆರ್ನಿ ಆ ಮರೆಯನ್ನು ಉಳಿಸಲಿಲ್ಲ. ಪಟಗಳು ತಯಾರಾದ ಬಗೆಯನ್ನು, ಅಂದರೆ ಪರದೆ, ಸಹಾಯಕರು, ಸಿದ್ಧತೆ ಎಲ್ಲವನ್ನೂ ಬೇರೆ ಚಿತ್ರಗಳಾಗಿ ತೆಗೆದು ಅದೇ ಮಾಲೆಯಲ್ಲಿ ಸೇರಿಸಿದರು. ನಾಟಕ ಮುಗಿದ ಮೇಲೆ ಚೌಕಿಯ ಬಾಗಿಲನ್ನು ತೆರೆದು ತೋರಿಸಿದಂತೆ ಇದು. ಹಳ್ಳಿಯ ಹುಡುಗರಿಗೆ ಚೌಕಿಯಲ್ಲಿ ಇಣುಕುವುದು ನಾಟಕಕ್ಕಿಂತಲೂ ಪ್ರಿಯ: ಭೀಮ ಬೀಡಿ ಸೇದುತ್ತಿರುತ್ತಾನೆ, ದ್ರೌಪದಿ ಮೀಸೆ ಬೋಳಿಸಿಕೊಳ್ಳುತ್ತಿರುತ್ತಾಳೆ. ಹಾಗೆ ಇಣುಕಿದವನು ರಂಗದ ಮೇಲಿನ ಭೀಮನನ್ನು ಕಡಿಮೆ ಪ್ರೀತಿಸುವುದಿಲ್ಲ.

ಇಂದು ನಡುಮನೆಯ ಗೋಡೆಯ ಮೇಲೆ ಪಟಗಳು ಕಡಿಮೆಯಾಗಿವೆ. ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಆದರೆ ಶಾಲೆಯಲ್ಲಿ ಗುರುತಿನ ಚೀಟಿಗೆಂದು ಪಟ ತೆಗೆಯುವ ದಿನ ಈಗಲೂ ಬರುತ್ತದೆ. ವರಾಂಡದ ಗೋಡೆಗೆ ಒಂದು ಬಿಳಿಯ ಬಟ್ಟೆ ಕಟ್ಟುತ್ತಾರೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರೇ ಹೋಗಿ, ಹೆಸರೂ ಸಂಖ್ಯೆಯೂ ಇರುವ ಹಾಳೆಯನ್ನು ಎದೆಗೆ ಹಿಡಿದು, ನೆಟ್ಟಗೆ ನೋಡಬೇಕು. ‘ನಗಬೇಡಮ್ಮ, ಅಲುಗಬೇಡ’ ಎನ್ನುತ್ತಾನೆ ಪಟ ತೆಗೆಯುವವನು. ಹಿಂದಿನ ಸಾಲಿನಲ್ಲಿದ್ದ ಗೆಳತಿ ಏನೋ ಸನ್ನೆ ಮಾಡುತ್ತಾಳೆ, ತುಟಿಯಂಚಿಗೆ ನಗು ನುಗ್ಗಿ ಬರುತ್ತದೆ. ‘ಕೆಟ್ಟುಹೋಯಿತು, ಮತ್ತೊಮ್ಮೆ ನಿಲ್ಲು’ ಎಂದು ಅವನು ಗದರುತ್ತಾನೆ. ಚೀಟಿಯ ಮೇಲೆ ಅಂಟುವುದು ಎರಡನೆಯ ಪಟ.