ನೀರುನಾಯಿಯ ಗವಿ

ತುಂಗಭದ್ರೆಯ ನೀರುನಾಯಿ ಮೀನು ಹಿಡಿಯುವುದು ಹೊಳೆಯಲ್ಲಾದರೂ ಮರಿ ಹಾಕಿ ಸಾಕುವುದು ದಡದಲ್ಲಿ. ಆನೆಗೊಂದಿಯ ಕಡೆ ಯಾತ್ರಿಕರು ನೆರಳೆಂದು ಕೂರುವ ಬಂಡೆಗಳ ಸಂದು ಅದಕ್ಕೆ ಬಾಣಂತಿಕೋಣೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿದಾಗ ಕೊಪ್ಪಳ ಜಿಲ್ಲೆಯವರಾದ ನಮಗೆ ಹೆಮ್ಮೆಯೆನಿಸಿತು. ಹೊಳೆಯನ್ನು ಕಾಯ್ದು ದಡವನ್ನು ಬಿಟ್ಟರೆ ಆ ಘೋಷಣೆಯಿಂದ ಏನು ಪ್ರಯೋಜನ?

ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರಲ್ಲಿ ತೆರವುಗೊಳಿಸಲಾಯಿತು. ಆ ವ್ಯಾಜ್ಯವೆಲ್ಲ ಹಂಪಿಯ ಸ್ಮಾರಕಗಳ ರಕ್ಷಣೆಯ ಕಾನೂನನ್ನು ಕುರಿತದ್ದು. ಹಳೆಯ ಕಲ್ಲಿನ ಪರವಾಗಿ ವಾದಿಸುವವರು ಸಿಕ್ಕರು, ಒಳ್ಳೆಯದೇ ಆಯಿತು. ಕಲ್ಲಿನಡಿಯ ಜೀವಿಗೂ ಅಂಥವರು ಬೇಕು.

ಸೇತುವೆ, ಜಾಕ್‌ವೆಲ್ ಬೇಡವೆನ್ನುವವನು ನಾನಲ್ಲ. ಜೆಸಿಬಿ ಇಳಿಯುವ ಮುನ್ನ ಹೆಜ್ಜೆಗುರುತನ್ನೂ ಮೀನಿನ ಹುರುಪೆ ಬೆರೆತ ಹಿಕ್ಕೆಯನ್ನೂ ಬಲ್ಲವರು ದಂಡೆಯುದ್ದಕ್ಕೂ ಹುಡುಕಲಿ. ಮರಿಗಳಿರುವ ಚಳಿಗಾಲದಲ್ಲಿ ಬಂಡೆ ಸಿಡಿಸುವುದು ಬೇಡ. ಅಗೆದ ಮಣ್ಣನ್ನು ಹೊಳೆಗೆ ತಳ್ಳುವುದೂ ಬೇಡ. ಕದಡಿದ ನೀರಿನಲ್ಲಿ ಅದು ಮೀನನ್ನು ಕಾಣುವುದಾದರೂ ಹೇಗೆ? ಗುತ್ತಿಗೆದಾರರು ಮೊದಲು ಮೀನುಗಾರರನ್ನು ವಿಚಾರಿಸಲಿ. ಬಲೆ ಹರಿಯುತ್ತದೆಂದು ನೀರುನಾಯಿಯನ್ನು ಅವರು ಎಷ್ಟೇ ಬೈದರೂ ಅದರ ಗವಿಯ ವಿಳಾಸ ಚೆನ್ನಾಗಿ ಗೊತ್ತಿರುವುದು ಅವರಿಗೇ.