ಬೀಗವೂ ಭಯವೂ

ಸಹಕಾರ ಸಂಘವೊಂದರ ಕಚೇರಿಯಲ್ಲಿ ನಾನು ಕೆಲಕಾಲ ಮೇಲ್ವಿಚಾರಕನಾಗಿದ್ದೆನು. ಲೆಕ್ಕಪತ್ರಗಳೆಲ್ಲವೂ ಗಣಕಯಂತ್ರದಲ್ಲಿದ್ದುವು, ಅವುಗಳ ರಕ್ಷಣೆಗೆ ಗುಪ್ತಪದಗಳಿದ್ದುವು. ಒಂದು ದಿನ ಗುಮಾಸ್ತನೊಬ್ಬನು ಬಂದು, "ಸ್ವಾಮೀ, ಈ ಮಿಂಚಂಚೆಯನ್ನು ನಂಬಬಹುದೆ?" ಎಂದು ಕೇಳಿದನು. ಕೆಲಸದ ಅವಸರದಲ್ಲಿದ್ದ ನಾನು, "ಇಷ್ಟೂ ತಿಳಿಯದೆ?" ಎಂದು ಎಲ್ಲರೆದುರಿಗೆ ಗದರಿಸಿಬಿಟ್ಟೆನು.

ಮರುತಿಂಗಳು ಅಂತಹುದೇ ಇನ್ನೊಂದು ಪತ್ರವು ಬಂದಾಗ ಆತನು ಯಾರನ್ನೂ ಕೇಳಲಿಲ್ಲ. ಅದು ಬೇಡಿದ ಗುಪ್ತಪದವನ್ನು ಕೊಟ್ಟು, ತಪ್ಪು ತಿಳಿದ ಮೇಲೂ ಮೂರು ದಿನ ಬಾಯಿ ಬಿಡಲಿಲ್ಲ. "ಏಕಪ್ಪಾ ಹೇಳಲಿಲ್ಲ?" ಎಂದರೆ, "ತಮಗೆ ಹೆದರಿದೆನು" ಎಂದನು. ಹಣವೇನೋ ದೈವವಶಾತ್ ಉಳಿಯಿತು. ಆ ಮಾತು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತಿರುವುದು.

2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕಿಗೆ ಸುಳ್ಳು ಆದೇಶಗಳನ್ನು ಕಳುಹಿಸಿ, 8 ಕೋಟಿ 10 ಲಕ್ಷ ಡಾಲರುಗಳನ್ನು ಫಿಲಿಪೈನ್ಸಿಗೆ ಸಾಗಿಸಿದರು. ಶ್ರೀಲಂಕೆಗೆ ಹೊರಟಿದ್ದ 2 ಕೋಟಿ ಡಾಲರು ಉಳಿದುದು ಹೇಗೆ? 'ಫೌಂಡೇಶನ್' ಎಂಬ ಪದದ ಕಾಗುಣಿತವು ತಪ್ಪಿದ್ದುದನ್ನು ನಡುವಿನ ಬ್ಯಾಂಕೊಂದರ ನೌಕರರು ಕಂಡು, ಸಂಶಯಪಟ್ಟು, ವಿಚಾರಿಸಿದರು. ಕೇಳಿದುದೇ ಕಾವಲಾಯಿತು.

ಕೇಳಿದವನ ಬಾಯನ್ನು ನಾನೇ ಮುಚ್ಚಿಸಿದ್ದೆನಲ್ಲವೆ? ಅದರಿಂದ ಮುಂದೆ ಪ್ರತಿ ಸೋಮವಾರ ಎಲ್ಲರೊಡನೆ ಕುಳಿತು, ಆ ವಾರ ಬಂದ ಸಂಶಯದ ಪತ್ರಗಳನ್ನು ಓದಿಸತೊಡಗಿದೆನು. ಮೊದಲ ದಿನ ನನ್ನ ತಪ್ಪನ್ನೇ ಹೇಳಿಕೊಂಡೆನು. ಕೆಲವು ವಾರಗಳ ಮೇಲೆ ಆ ಗುಮಾಸ್ತನೇ ಎದ್ದು, "ಸ್ವಾಮೀ, ಇದರಲ್ಲೇನೋ ಮೋಸವಿರುವಂತಿದೆ" ಎಂದನು. ಇತ್ತು. ಬೀಗವನ್ನು ಹಣ ಕೊಟ್ಟು ತರಬಹುದು, ವಾಚಕರೇ; ಕೂಗಿ ಎಚ್ಚರಿಸುವ ನೆರೆಯವನನ್ನು ವಿಶ್ವಾಸದಿಂದಲೇ ಪಡೆಯಬೇಕು.